ಚೌಕದ ಕೆಳಗಿನ ನೀರು

ಮೇ ೯, ೧೯೬೬, ಸೋಮವಾರ. ಅಹಮದಾಬಾದ್

ಸಂಜೆ ಐದೂವರೆ. ಇವತ್ತು ಎರಡು ಸಲ ನೀರು ಕುದಿಸಿದೆ, ಎರಡು ಸೀರೆ ಒಗೆದೆ, ಇವರ ಅಂಗಿಗೆ ಗುಂಡಿ ಹಚ್ಚಿದೆ. ಈ ಮನೆಗೆ ಬಂದು ಇಂದಿಗೆ ಇಪ್ಪತ್ತು ದಿನ. ಸೂರತ್ತಿನಿಂದ ತಂದ ಟ್ರಂಕುಗಳಲ್ಲಿ ಒಂದು ಇನ್ನೂ ಬೀಗ ಹಾಕಿದಂತೆಯೇ ಇದೆ. ಅದನ್ನು ತೆಗೆಯುವ ಕೆಲಸವಿಲ್ಲ.

ನೀರು ಕುದಿ ಬಂದ ಮೇಲೆ ಗಡಿಯಾರ ನೋಡಿ ಹದಿನೈದು ನಿಮಿಷ ಬಿಡುತ್ತೇನೆ. ಆರಿದ ಮೇಲೆ ಮೂರು ಮಡಿಕೆ ಬಟ್ಟೆಯಲ್ಲಿ ಸೋಸುತ್ತೇನೆ. ತಿಂಗಳಿನ ಸೀಮೆಎಣ್ಣೆ ಇಪ್ಪತ್ತನೆಯ ತಾರೀಖಿಗೇ ಮುಗಿಯುತ್ತದೆ. ಇವರು ಏನೂ ಅನ್ನುವುದಿಲ್ಲ. ಹೋದ ಶ್ರಾವಣದಿಂದ ಇವರು ನನಗೆ ಯಾವುದಕ್ಕೂ ಏನೂ ಅನ್ನುವುದಿಲ್ಲ.

ಮನೆಯೊಡತಿ ಜಡಾವಬಾ ಕೆಳಗೆ ಒಬ್ಬರೇ ಇರುತ್ತಾರೆ. ಎಪ್ಪತ್ತು ದಾಟಿದ ವಿಧವೆ. ಎಲ್ಲರಿಗೂ ಅವರು ಬಾ, ಅಂದರೆ ಅಮ್ಮ. ನನ್ನನ್ನು ದೀಕರಿ ಎನ್ನುತ್ತಾರೆ. ಗುಜರಾತಿಯಲ್ಲಿ ಮಗಳೇ ಎಂದ ಹಾಗೆ. ಅವರ ಮಾತು ನನ್ನ ಕಿವಿಗೆ ನಮ್ಮ ಧಾರವಾಡದ ಮಾತಾಗಿಯೇ ಬೀಳುತ್ತದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಈ ಪೋಳಿನ, ಎಂದರೆ ಒಂದೇ ಹೆಬ್ಬಾಗಿಲಿನ ಈ ಓಣಿಯ, ಹಳೆಯ ಮನೆಗಳಲ್ಲಿ ನಡುಚೌಕದ ಕೆಳಗೆ ಟಾಂಕಾ ಇರುತ್ತದೆ. ಮಾಳಿಗೆಯ ಮೇಲೆ ಬಿದ್ದ ಮಳೆ ತಾಮ್ರದ ಕೊಳವೆಯಲ್ಲಿ ಇಳಿದು ಆ ತೊಟ್ಟಿಯನ್ನು ಸೇರುತ್ತದೆ. ಇದೆ ಎಂದು ಕೇಳಿದ್ದೆ, ಕಂಡಿರಲಿಲ್ಲ. ಇವತ್ತು ಬೆಳಿಗ್ಗೆ ಬಾ ಹಿತ್ತಾಳೆಯ ಮುಚ್ಚಳ ಎತ್ತಿದರು. ಒಂದು ಮೊಳ ಅಗಲದ ಬಾಯಿ. ಕೆಳಗೆ ಕಪ್ಪು. ಹಗ್ಗದ ಕೊಡ ಇಳಿದೇ ಇಳಿಯಿತು. ಆಮೇಲೆ ಬಹಳ ದೂರದಲ್ಲಿ ಮುಟ್ಟಿದ ಸದ್ದು. ದಿನವೂ ಇದರ ಮೇಲೆಯೇ ನಡೆದಾಡಿದ್ದೆನಲ್ಲ!

"ಮೂರು ಮಳಿಗಾಲದ ಹಿಂದಿನ ನೀರು, ದೀಕರಿ. ಒಂದು ಹುಳ ತೋರಿಸು ನೋಡೋಣ," ಎಂದು ತಂಬಿಗೆ ಕೊಟ್ಟರು. ಠಾಕೋರಜಿಯ, ಅಂದರೆ ಅವರ ಮನೆಯ ಕೃಷ್ಣನ, ಅಭಿಷೇಕಕ್ಕೆ ಇದೇ ನೀರಂತೆ. ಪೋಳಿನಲ್ಲಿ ಯಾರು ಜ್ವರ ಬಂದು ಮಲಗಿದರೂ ಇದೇ ನೀರಂತೆ.

ನಾನು ಮೇಲೆ ತಂದು ಬಚ್ಚಲಿಗೆ ಚೆಲ್ಲಿದೆ.

ಬಾಡಿಗೆಯ ಕಾಗದದಲ್ಲಿ ಮೆಟ್ಟಿಲು, ಕಕ್ಕಸು, ಬೀಗ ಎಲ್ಲವೂ ಇವೆ, ಟಾಂಕಾ ಇಲ್ಲ. ಆದರೆ ಮೇಲಿನ ಮನೆಯವರಿಗೆ ಒಂದು ಕೆಲಸವಿದೆಯಂತೆ. ಮೊದಲ ಮಳೆಗಳನ್ನು ಹೊರಗೆ ಬಿಡಬೇಕು. ಆಮೇಲೆ ಕೊಳವೆಗೆ ಬಟ್ಟಲು ಹಿಡಿದು ರುಚಿ ನೋಡಬೇಕು. ಧೂಳಿನ ರುಚಿ ಹೋಯಿತೆಂದಾಗ ಕೊಳವೆಯನ್ನು ಟಾಂಕಾಕ್ಕೆ ತಿರುಗಿಸಬೇಕು. ಅದು ಬಾಡಿಗೆದಾರಳ ನಾಲಿಗೆಯ ಮೇಲೆ ಬಿಟ್ಟದ್ದು.

"ಕುದಿಸಲಾರದನ ಕುಡೀಬೇಕಾ?" ಎಂದೆ.

"ಮಳೀನ ಯಾರರ ಕುದಸ್ತಾರೇನ?" ಎಂದು ಬಾ ನಕ್ಕರು.

ಮೇ ೧೧, ಬುಧವಾರ

ಎದುರುಮನೆಯ ಹಂಸಾಳಿಗೆ ಜ್ವರ. ಅವಳ ತಾಯಿ ಬಂದು ಟಾಂಕಾದ ನೀರು ಒಯ್ದಳು. ಹಂಸಾಳಿಗೆ ಒಂಬತ್ತು ವರ್ಷ. ಎರಡು ಜಡೆ.

ಮೂರು ವರ್ಷ ಬಿಸಿಲು ಕಾಣದ ನೀರು.

ಮೇ ೧೨, ಗುರುವಾರ

ನಮ್ಮೂರಲ್ಲಿ ಕಾಲರಾ ಬಂದಾಗ ಆರೋಗ್ಯ ಇಲಾಖೆಯವರು ಬಾವಿಗೆ ನೇರಳೆ ಹರಳು ಹಾಕುತ್ತಿದ್ದರು. ಇಲ್ಲಿ ಅದಕ್ಕೆ ಲಾಲ್ ದವಾ, ಕೆಂಪು ಔಷಧ, ಎನ್ನುತ್ತಾರೆ. ಔಷಧದ ಅಂಗಡಿಯಿಂದ ದೊಡ್ಡ ಪೊಟ್ಟಣ ತಂದೆ. ಮಧ್ಯಾಹ್ನ ಬಾ ಮಲಗಿದ್ದಾಗ ಮುಚ್ಚಳ ಸರಿಸಿ ಅಷ್ಟನ್ನೂ ಹಾಕಿದೆ.

ಯಾರಿಗೂ ಹೇಳಲಿಲ್ಲ. ಒಳ್ಳೆಯದನ್ನೇ ಮಾಡಿದ್ದೇನೆ.

ಮೇ ೧೩, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಕೆಳಗಿನಿಂದ ಬಾ ಕೂಗಿದರು. ಸಿಟ್ಟಿನ ಕೂಗಲ್ಲ. ಹೆದರಿದ ಕೂಗು.

ಠಾಕೋರಜಿಯ ಬಿಳಿಯ ಬಟ್ಟೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೊಡದಲ್ಲಿ ಗುಲಾಬಿ ನೀರು. ನೆರೆಯ ಹೆಂಗಸರು ಆಗಲೇ ಚೌಕದಲ್ಲಿ ನೆರೆದಿದ್ದರು. ಒಬ್ಬಳು ದೇವರು ಮುನಿದ ಎಂದಳು, ಇನ್ನೊಬ್ಬಳು ನೆಲದೊಳಗಿಂದ ರಕ್ತ ಬಂದಿದೆ ಎಂದಳು. ಬಾ ಮೂರ್ತಿಯನ್ನು ಎದೆಗವಚಿಕೊಂಡು ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ದೇವರಲ್ಲ, ನಾನು," ಎಂದುಬಿಟ್ಟೆ.

ಬಾ ನನ್ನತ್ತ ತಿರುಗಿದರು.

"ಒಂದು ಮಾತು ಕೇಳಬಾರದಿತ್ತಾ?" ಎಂದರು. ಅಷ್ಟೇ.

ಹಂಸಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಜ್ವರ ಬಿಟ್ಟಿದೆ. ಅವಳಿಗೆ ಬಂದದ್ದು ಬರೇ ಮಂಗನಬಾವು. ಕೆನ್ನೆ ಊದಿತ್ತು.

ಮೇ ೧೫, ಭಾನುವಾರ

ಬಾ ಅವರ ಗಂಡನ ಅಣ್ಣನ ಮಗ ದಾಮೋದರಭಾಯಿ ಬಂದಿದ್ದರು. ಮನೆಯ ವ್ಯವಹಾರ ಅವರದು. ಉಯ್ಯಾಲೆಯ ಮೇಲೆ ಕೂತು, ಒಂದು ಕಾಲಿನಿಂದ ಅದನ್ನು ತಳ್ಳುತ್ತ ಮಾತಾಡಿದರು.

"ಶ್ರೀಪಾದಭಾಯಿ, ಕೆಡಿಸಿದವರು ರಿಪೇರಿ ಮಾಡಿಸಬೇಕು. ಯಾವ ಕೋರ್ಟಿಗೆ ಹೋದರೂ ಇದನ್ನ ಹೇಳ್ತಾರ. ಮಳಿ ಬೀಳೂದ್ರೊಳಗ ಟಾಂಕಾ ಬರಿದಾಗಿ, ತೊಳದು, ಮೊದಲಿನಂಗ ಆಗಬೇಕು. ಇಲ್ಲಾ, ನಾ ಕಲ್ಲು ಮಣ್ಣು ತುಂಬಿಸಿ ಮ್ಯಾಲೆ ಫರಸಿ ಹಾಕಸ್ತೀನಿ. ಕಾಗದದ ವ್ಯಾಪಾರಿ ಗೋಡೌನಿಗೆ ಈ ಜಾಗಾ ಕೇಳ್ಯಾನ."

"ನೀರಂತೂ ನಮ್ಮಿಂದ ಕೆಟ್ಟದ. ಬರಿದು ಮಾಡಿ ತೊಳದು ಕೊಡ್ತೀವಿ," ಎಂದರು ಇವರು. "ಆದರ ಗೋಡಿ, ಗಚ್ಚು ನಿಮ್ಮವು. ಅದರ ರಿಪೇರಿ ಬಾಡಿಗಿದಾರನ ಮ್ಯಾಲೆ ಹಾಕಬ್ಯಾಡ್ರಿ."

"ಔಷಧ ಗೋಡಿ ತಿಂದಿದ್ದರ?"

ಬಾ ಒಳಗೆ ಭಜನೆಗೆ ಕೂತಿದ್ದರು. ಮಣ್ಣು ತುಂಬಿಸುವ ಮಾತು ಬಂದಾಗ ಒಳಗೆ ತಾಳದ ಸದ್ದು ನಿಂತದ್ದು ನನಗೆ ಕೇಳಿಸಿತು.

ಮೇಲೆ ಬಂದ ಮೇಲೆ ಇವರು ಹೇಳಿದರು: "ಮಣಿನಗರದಾಗ ನಮ್ಮ ಕಚೇರಿಯ ಲಕ್ಷ್ಮೀನಾರಾಯಣರ ಮನಿ ಬಾಜೂಕ ಎರಡು ಖೋಲಿ ಖಾಲಿ ಅವ. ನಳ ಒಳಗನ ಅದ. ಮಂದಿ ಕನ್ನಡದವರು. ಹೋಗಿಬಿಡೋಣ, ಸುಲೋಚನಾ. ನಿನಗೂ ಈ ನೀರಿನ ಚಿಂತಿ ತಪ್ಪತದ."

"ಬ್ಯಾಡ," ಎಂದೆ.

ಹೋದ ಶ್ರಾವಣದಿಂದೀಚೆಗೆ ನಾನು ಇವರಿಗೆ ಬೇಡ ಎಂದದ್ದು ಇದೇ ಮೊದಲಂತೆ. ಇವರೇ ಹೇಳಿದರು. ಹೌದೇನೋ. ನಾನು ಕೆಡಿಸಿದ್ದನ್ನು ಬಿಟ್ಟು ಹೋದರೆ ಬಾ ಅವರ ಕಣ್ಣೆದುರಿಗೇ ಅದು ಮಣ್ಣಾಗುತ್ತದೆ.

ಮೇ ೨೧, ಶನಿವಾರ

ಆರು ದಿನ ನೀರು ಸೇದಿದೆವು. ಬೆಳಿಗ್ಗೆ ಇವರು ಕಚೇರಿಗೆ ಹೋಗುವ ತನಕ ಇಬ್ಬರೂ, ಆಮೇಲೆ ನಾನೊಬ್ಬಳೇ. ಅಂಗೈ ಸುಲಿದಿದೆ. ಟಾಂಕಾದ ನೀರನ್ನು ಬಚ್ಚಲಿಗೆ ಚೆಲ್ಲಬಾರದೆಂದು ಬಾ ಅವರ ಅಪ್ಪಣೆ. ಪೋಳಿನ ಹಾಸುಗಲ್ಲೆಲ್ಲ ಗುಲಾಬಿ ನೀರಿನಲ್ಲಿ ತೊಳೆದಾಯಿತು.

"ಹೋಳಿ ಮುಗದು ಎರಡು ತಿಂಗಳಾತು, ಮದ್ರಾಸಿ ಬೇನ್!" ಎಂದು ಮೊನ್ನೆ ಹಂಸಾಳ ತಾಯಿ ಕಟ್ಟೆಯಿಂದ ಕೂಗಿದಳು. ಬೇನ್ ಅಂದರೆ ಇಲ್ಲಿ ಅಕ್ಕ.

"ನಾವು ಮದ್ರಾಸಿನವರಲ್ಲ. ಧಾರವಾಡ."

"ಎಲ್ಲಾ ಒಂದನ. ಹಗ್ಗಾ ಇಲ್ಲೆ ಕೊಡು, ನಿನ್ನ ಕೈ ನೋಡಿದರ ನನಗ ಉಣ್ಣಾಕ ಆಗವಲ್ತು." ಬೈಯುತ್ತಲೇ ಸಂಜೆಯ ತನಕ ಸೇದಿದಳು. ನಿನ್ನೆಯಿಂದ ಇನ್ನೂ ಮೂವರು ಬಂದಿದ್ದಾರೆ.

ಮೇ ೨೪, ಮಂಗಳವಾರ

ಮಧ್ಯಾಹ್ನ ಮೂರು. ಈಗಲೇ ಬರೆದಿಡಬೇಕು.

ಇವತ್ತು ಗಚ್ಚಿನ ಕೆಲಸದ ಲಾಲಜಿ ಬಂದ. ಮುದುಕ. ಅವನ ತಂದೆ, ಅಜ್ಜ ಎಲ್ಲ ಈ ಪೋಳಿನ ಟಾಂಕಾಗಳಲ್ಲಿ ಇಳಿದವರೇ. ದೀಪ ಒಯ್ಯುವುದಿಲ್ಲವಂತೆ, ಹೊಗೆ ಗಚ್ಚಿಗೆ ಹತ್ತುತ್ತದೆ. ಬಿಸಿಲನ್ನೇ ಒಳಗೆ ಇಳಿಸಬೇಕು, ಅದಕ್ಕೆ ಎರಡು ಕನ್ನಡಿ ಬೇಕು. ಮಾಳಿಗೆಯ ಮೇಲೆ ಒಂದು, ಚೌಕದಲ್ಲಿ ಒಂದು. ಬಾ ಅವರ ಹತ್ತಿರ ಒಂದೇ ಇತ್ತು. ನಮ್ಮದು ಗೋಡೆಗೆ ಜಡಿದದ್ದು. ನಾನು ಮೇಲೆ ಹೋಗಿ ಟ್ರಂಕು ತೆಗೆದು, ಹಸಿರು ತಗಡಿನ ಚೌಕಟ್ಟಿನ ಕನ್ನಡಿ ತಂದುಕೊಟ್ಟೆ. ಬೇಗ ಬೇಕಾಗಿತ್ತು.

ನೆಲ ತೊಳೆಯುವುದು ನಮ್ಮ ಪಾಲಿನ ಕೆಲಸ. ಹಾಗಾಗಿ ಸ್ನಾನ ಮಾಡಿ, ಸೀರೆಯ ಕಚ್ಚೆ ಕಟ್ಟಿ, ಹಗ್ಗದ ಏಣಿಯಲ್ಲಿ ನಾನೂ ಇಳಿದೆ. ಬಾಯಿ ದಾಟುವಾಗ ಹೆಗಲು ಎರಡೂ ಕಡೆ ಉಜ್ಜಿತು. ಆಮೇಲೆ ಏನೂ ತಾಗಲಿಲ್ಲ. ಕಾಲು ಗಾಳಿಯಲ್ಲಿ, ಬೆನ್ನು ಗಾಳಿಯಲ್ಲಿ. ಮೇಲೆ ಮೇ ತಿಂಗಳ ಬೆಂಕಿ. ಒಳಗೆ ತಂಪು, ಕಾರ್ತಿಕದ ನಸುಕಿನಂಥ ತಂಪು.

ಕೆಳಗೆ ನಿಂತು, "ಬಿಡ್ರಿ" ಎಂದೆ. ಇವತ್ತು ಕಚೇರಿಗೆ ರಜೆ ಹಾಕಿದ್ದ ಇವರು ಮಾಳಿಗೆಯಿಂದ ಬಿಸಿಲು ಕಳಿಸಿದರು. ಚೌಕದಲ್ಲಿ ಹಂಸಾ ಹಸಿರು ಕನ್ನಡಿಯಲ್ಲಿ ಅದನ್ನು ಹಿಡಿದು ಬಾಯೊಳಗೆ ತಿರುಗಿಸಿದಳು.

ಬಿಸಿಲು ಇಳಿದು ಬಂತು.

ನಾನು ತೊಟ್ಟಿ ಎಂದುಕೊಂಡಿದ್ದೆ. ಅದು ಮನೆ. ನಮ್ಮ ಮನೆಯಷ್ಟೇ ಅಗಲದ ಇನ್ನೊಂದು ಮನೆ, ನಮ್ಮ ಮನೆಯ ಕೆಳಗೆ. ನಾಲ್ಕು ಕಂಬ, ಕಂಬದಿಂದ ಕಂಬಕ್ಕೆ ಕಮಾನು. ಗೋಡೆ ಮೊಟ್ಟೆಯ ಸಿಪ್ಪೆಯ ಹಾಗೆ ನುಣುಪು. ಹಂಸಾಳ ಕೈ ಅಲುಗಿದಂತೆ ಬೆಳಕು ಕಂಬದಿಂದ ಕಂಬಕ್ಕೆ ಹಾರುತ್ತಿತ್ತು. ಪ್ರತಿ ಕಂಬದ ನೆತ್ತಿಯಲ್ಲೂ ಒಂದು ಕಮಲ. ಎಸಳಿಗೆ ಎಸಳು, ನಡುವೆ ಬೀಜದ ಕೋಶ ಕೂಡ. ನೀರು ತುಂಬಿದರೆ ಯಾರಿಗೂ ಕಾಣದು. ತುಂಬದಿದ್ದರೆ ಕತ್ತಲೆ, ಆಗಲೂ ಕಾಣದು. ಹಾಗಾದರೆ ಯಾರಿಗೆ ಕೆತ್ತಿದರು?

ಲಾಲಜಿಯನ್ನು ಕೇಳಿದೆ. "ನೀರಿಗೆ," ಎಂದ, ಇದನ್ನೂ ಕೇಳಬೇಕೇ ಎಂಬಂತೆ.

ಒಂದು ಗೋಡೆಯ ಮೇಲೆ ಗೆರೆಗಳು. ಟಾಂಕಾ ಬರಿದು ಮಾಡಿದ ಪ್ರತಿ ಸಲವೂ, ಅದುವರೆಗೆ ನೀರು ಎಲ್ಲಿಗೆ ನಿಂತಿತ್ತೋ ಅಲ್ಲಿ ಗೀರಿದ ಗುರುತು. ಎಣಿಸಲು ಹೋದೆ, ಬೆಳಕು ಸರಿದುಬಿಟ್ಟಿತು. ನಾನು ಹುಟ್ಟುವ ಮೊದಲಿನ ಮಳೆಗಳು, ಬಾ ಹುಟ್ಟುವ ಮೊದಲಿನ ಮಳೆಗಳು. ನಾನು ಕೆಮ್ಮಿದರೆ ಕೋಣೆಯೆಲ್ಲ ಕೆಮ್ಮಿತು. ಆಮೇಲೆ ಉಸಿರನ್ನೂ ಮೆಲ್ಲಗೆ ಬಿಟ್ಟೆ. ಗುಡಿಯಲ್ಲೂ ನಾನು ಇಷ್ಟು ಮೆಲ್ಲಗೆ ಉಸಿರಾಡಿಲ್ಲ.

ಮೂಡಣ ಗೋಡೆಯಲ್ಲಿ ಒಂದು ಬಿರುಕು, ನನ್ನ ಸೊಂಟದಿಂದ ನೆಲದ ತನಕ. ಲಾಲಜಿ ಬೆರಳು ಹಾಕಿ ನೋಡಿದ. ಮೇಲೆ ಬಂದಾಗ ದಾಮೋದರಭಾಯಿ ಕಾಯುತ್ತ ಕೂತಿದ್ದರು.

"ನೋಡ್ರಿ, ಔಷಧ ತಿಂದದ," ಎಂದರು.

ಲಾಲಜಿ ಬೀಡಿ ಹಚ್ಚುತ್ತ ನಕ್ಕ. "ಶೇಠ್, ಬಿರುಕಿನೊಳಗ ಬೇರು ಬೆಳದದ, ನನ್ನ ಬೆರಳಿನಷ್ಟು ದಪ್ಪ. ಹದಿನೈದು ವರ್ಷದ್ದರ ಇರಬೇಕು. ಈ ಬೇನ್ ನೀರು ಕೆಡಸಲಾರದ ಇದ್ದರ ನೀವು ಇಳದು ನೋಡ್ತಿದ್ದಿಲ್ಲ. ಇನ್ನೆರಡು ಮಳಿಗಾಲದಾಗ ಗೋಡಿನ ಒಳಗ ಬೀಳ್ತಿತ್ತು. ಅದರ ಹಿಂದ ಈ ಉಯ್ಯಾಲಿನೂ, ಕೂತವರೂ."

ದಾಮೋದರಭಾಯಿ ಉಯ್ಯಾಲೆಯನ್ನು ಕಾಲಿನಿಂದ ನಿಲ್ಲಿಸಿದರು.

ಆಗ ಬಾ ಹೊರಗೆ ಬಂದರು. "ದಾಮೋದರ, ಗೋಡಿ ನನ್ನದು, ನಾ ಕಟ್ಟಸ್ತೀನಿ. ತೊಳಿಯೂದು ಅಕಿದು, ಅಕಿ ತೊಳದಾಳ. ನೀ ಮಣ್ಣಿನ ಗಾಡಿಗೆ ಹೇಳಿದ್ದರ ಬ್ಯಾಡಂತ ಹೇಳು."

"ಮಳಿ ಬರೂದ್ರೊಳಗ ಮುಗೀಲಿಕ್ಕೆ ಬೇಕು, ಕಾಕಿ. ಮುಗೀದಿದ್ದರ ಈ ವರ್ಷ ಬರಿದು ಟಾಂಕಾ ಇಟಗೊಂಡು ಕೂಡ್ರಾಕ ನಾ ಒಲ್ಲೆ," ಎಂದು ಅವರು ಎದ್ದು ಹೋದರು.

ಮೇ ೩೧, ಮಂಗಳವಾರ

ನಿರ್ಜಲಾ ಏಕಾದಶಿ. ಬಾ ಒಂದು ಹನಿ ನೀರನ್ನೂ ಮುಟ್ಟದೆ ನನ್ನ ಜೊತೆ ಕೆಳಗೆ ಕೂತು ಗಚ್ಚು ತಿಕ್ಕಿದರು. ಈ ವಯಸ್ಸಿನಲ್ಲಿ ಏಣಿ ಇಳಿಯಬೇಡಿ ಎಂದರೆ, "ಈ ಮನಿಗೆ ಬಂದು ಐವತ್ತೇಳು ವರ್ಷ, ಒಂದು ಸಲಾನೂ ಕೆಳಗ ಬಂದಿಲ್ಲ. ಈಗ ಬಿಟ್ಟರ ಮತ್ತ್ಯಾವಾಗ?" ಎಂದರು. ಕಮಲಗಳನ್ನು ಅವರೂ ನನ್ನ ಹಾಗೇ ತಲೆಯೆತ್ತಿ ನೋಡಿದರು. ಇಷ್ಟು ವರ್ಷ ಅದೇ ನೀರು ಕುಡಿದವರು.

ಸುಣ್ಣಕ್ಕೆ ಬೆಲ್ಲದ ನೀರು, ಮೆಂತ್ಯದ ನೀರು ಬೆರೆಸಿ ಲಾಲಜಿ ಹಚ್ಚುತ್ತಾನೆ. ಅದು ಆರುವ ಮೊದಲು ನುಣುಪು ಕಲ್ಲಿನಿಂದ ತಿಕ್ಕುತ್ತಲೇ ಇರಬೇಕು, ಹೊಳಪು ಬರುವ ತನಕ. ನಿಲ್ಲಿಸಿದರೆ ಬಿರಿಯುತ್ತದೆ. ತಿಕ್ಕುತ್ತ ತಿಕ್ಕುತ್ತ ಹೇಳಿಬಿಟ್ಟೆ. ಹೇಳಬೇಕೆಂದು ಕೂತಿರಲಿಲ್ಲ.

"ಹೋದ ಶ್ರಾವಣದಾಗ ಒಂದಿನ ಕುದಿಸಿದ ನೀರು ಮುಗದಿತ್ತು, ಬಾ. ಮಗಳು ಸಾಲಿಯಿಂದ ಓಡಿ ಬಂದಳು. ಅವ್ವಾ ನೀರು ಅಂದಳು. ನಳದ ನೀರು ಕೊಟ್ಟೆ. ಹತ್ತು ದಿನಕ್ಕ ಜ್ವರ ಬಂತು. ವಿಷಮಶೀತ ಅಂದರು ಡಾಕ್ಟರು."

ಬಾ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹೆಸರೇನು?"

"ಮೀರಾ."

"ನೀರಡಿಸಿದ ಕೂಸಿಗೆ ನೀರು ಕೊಟ್ಟಿ. ಮತ್ತೇನು ಕೊಡಬೇಕಾಗಿತ್ತು?" ಎಂದರು. ನನ್ನ ಕೈ ನಿಂತದ್ದು ನೋಡಿ, "ತಿಕ್ಕು, ತಿಕ್ಕು. ಆ ಮೂಲಿ ಆರಲಿಕ್ಕೆ ಹತ್ತೇದ," ಎಂದರು.

ಬೆಳಕು ಗೋಡೆಯ ಮೇಲೆ ನಡುಗುತ್ತಿತ್ತು. ಮೇಲೆ ಹಂಸಾಳ ಕೈ ಸೋತಿರಬೇಕು. ಆದರೂ ಹಿಡಿದೇ ಇದ್ದಳು.

ಜೂನ್ ೧೦, ಶುಕ್ರವಾರ

ಕೆಲಸ ಮುಗಿಯಿತು. ದಾಮೋದರಭಾಯಿ ಬಂದು ಬಗ್ಗಿ ನೋಡಿದರು. ಹಂಸಾ ಬಿಸಿಲು ಇಳಿಸಿ ತೋರಿಸಿದಳು. ಅವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಚಪ್ಪಲಿ ಕಾಲಲ್ಲಿರಲಿಲ್ಲ. ಯಾವಾಗ ಬಿಟ್ಟರೋ ಯಾರೂ ನೋಡಲಿಲ್ಲ. "ಕಾಗದದವಗ ಬ್ಯಾರೆ ಜಾಗಾ ಹುಡುಕ್ತೀನಿ," ಎಂದಷ್ಟೇ ಹೇಳಿದರು.

ಸೀಮೆಎಣ್ಣೆ ಹೋದ ತಿಂಗಳದ್ದೇ ಇನ್ನೂ ಉಳಿದಿದೆ. ಅಂಗಡಿಯವ ಈ ಸಲ ಅಳತೆ ಸರಿಯಾಗಿ ಹಾಕಿರಬೇಕು.

ಜೂನ್ ೧೬, ಗುರುವಾರ

ಸಂಜೆ ನಾಲ್ಕಕ್ಕೆ ಮೊದಲ ಮಳೆ. ಹತ್ತು ನಿಮಿಷ. ಕೊಳವೆಯಿಂದ ಚಹದಂಥ ನೀರು ಬಂತು. ಬೀದಿಗೆ ಬಿಟ್ಟೆ.

ಜೂನ್ ೧೮, ಶನಿವಾರ

ಎರಡನೆಯ ಮಳೆ. ನೀರು ತಿಳಿ. ಬಟ್ಟಲು ಹಿಡಿದೆ, ತುಟಿಯ ತನಕ ತಂದೆ. ಆಗಲಿಲ್ಲ. ಕೆಳಗಿನಿಂದ ಬಾ ಕೇಳಿದರು, "ಹ್ಯಾಂಗದ?" ನಾನು ಸುಳ್ಳು ಹೇಳಿದೆ: "ಇನ್ನೂ ಧೂಳದ, ಬಾ."

ಒಳ್ಳೆಯ ಮಳೆಯೆಲ್ಲ ಬೀದಿಯಲ್ಲಿ ಹರಿದು ಹೋಯಿತು. ಇವರು ನೋಡುತ್ತಿದ್ದರು. ಈ ಊರಿನ ಮಳೆ ಬೆರಳಲ್ಲಿ ಎಣಿಸುವಷ್ಟು, ಬಿಟ್ಟದ್ದು ಮತ್ತೆ ಬರುವುದಿಲ್ಲ ಎಂದು ಲಾಲಜಿ ಹೇಳಿದ್ದ.

ಜೂನ್ ೨೦, ಸೋಮವಾರ

ಸಂಜೆ ಏಳು. ಐದು ಗಂಟೆಯಿಂದ ಮಳೆ. ಇನ್ನೂ ನಿಂತಿಲ್ಲ.

ಮೊದಲು ಗಾಳಿ. ಮಾಳಿಗೆಯ ಒಣಹಾಕಿದ್ದನ್ನೆಲ್ಲ ಹೊತ್ತೊಯ್ದಿತು. ಆಮೇಲೆ ಆಕಾಶವೇ ಕೆಳಗೆ ಬಂತು. ಎದುರುಮನೆ ಕಾಣಿಸದಾಯಿತು. ಪೋಳಿನ ಮಕ್ಕಳು ಬೀದಿಯಲ್ಲಿ ಕುಣಿಯುತ್ತಿದ್ದರು. ಅರ್ಧ ತಾಸು ಹರಿಯಲು ಬಿಟ್ಟೆ. ಆಮೇಲೆ ಬಟ್ಟಲು ಹಿಡಿದು ಕೊಳವೆಯ ಹತ್ತಿರ ನಿಂತೆ. ಕೆಳಗೆ ಚೌಕದಲ್ಲಿ ಬಾ ತೊಯ್ಯುತ್ತ ಮುಖ ಮೇಲೆತ್ತಿ ನಿಂತಿದ್ದರು. ಈ ಸಲ ಏನೂ ಕೇಳಲಿಲ್ಲ.

ಹಂಸಾ ಎರಡೂ ಜಡೆ ತೊಯ್ಸಿಕೊಂಡು ಮೆಟ್ಟಿಲು ಹತ್ತಿ ಬಂದಳು. "ಮಾಸಿ, ನನಗ ನೀರಡಕಿ ಆಗೇದ," ಎಂದು ನನ್ನ ಕೈಯ ಬಟ್ಟಲಿಗೆ ಕೈ ಚಾಚಿದಳು.

"ತಡಿ," ಎಂದೆ. "ಮೊದಲ ನಾ ನೋಡ್ತೀನಿ."

ಕುಡಿದೆ. ನಾಲಿಗೆಗೆ ಧೂಳು ಹತ್ತಲಿಲ್ಲ. ಕಲ್ಲಿನ ರುಚಿ ಇಲ್ಲ, ತಾಮ್ರದ ರುಚಿ ಇಲ್ಲ. ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಇಷ್ಟು ಸವಿ ಇರುತ್ತದೆಂದು ಮರೆತಿದ್ದೆ. ಮತ್ತೆ ಹಿಡಿದು ಬಟ್ಟಲು ಪೂರ್ತಿ ಕುಡಿದೆ. ಮೂರನೆಯದನ್ನು ಹಂಸಾಳಿಗೆ ಕೊಟ್ಟೆ. ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಥ್ಯಾಂಕ್ಯೂ ಎಂದೂ ಹೇಳದೆ ಓಡಿದಳು. ಮೀರಾ ಕೂಡ ಹಾಗೇ ಓಡುತ್ತಿದ್ದಳು, ಬಟ್ಟಲು ಎಲ್ಲೋ ಇಟ್ಟು.

ಕೊಳವೆಯನ್ನು ತಿರುಗಿಸಿದೆ.

ಮೊದಲು ಏನೂ ಕೇಳಲಿಲ್ಲ. ನೀರು ಎರಡು ಅಂತಸ್ತು ಇಳಿಯಬೇಕಲ್ಲ. ಆಮೇಲೆ ನೆಲದ ಕೆಳಗಿನಿಂದ ಒಂದು ಸದ್ದು ಎದ್ದಿತು. ಬರಿದು ಕೋಣೆಯೊಳಗೆ, ಕಮಾನುಗಳ ನಡುವೆ, ನಾವು ತಿಕ್ಕಿದ ಗೋಡೆಗಳ ನಡುವೆ ಬೀಳುವ ನೀರು. ಸದ್ದು ಕಂಬ ಹತ್ತಿ, ಗೋಡೆ ಹತ್ತಿ, ನನ್ನ ಅಂಗಾಲಿಗೆ ಬಂತು. ಮನೆಯೆಲ್ಲ ಸಣ್ಣಗೆ ಗುಡುಗುತ್ತಿತ್ತು. ಬಾ ಹಾಸುಗಲ್ಲಿನ ಮೇಲೆ ಅಂಗೈ ಊರಿ ಕೂತುಬಿಟ್ಟರು. ಇವರು ಕಚೇರಿಯಿಂದ ತೊಯ್ದು ತೊಪ್ಪೆಯಾಗಿ ಬಂದವರು ಕೊಡೆಯನ್ನು ಮಡಿಸದೆ ಮೆಟ್ಟಿಲ ಮೇಲೇ ನಿಂತರು.

ಈಗ ಬರೆಯುತ್ತಿರುವಾಗಲೂ ಕೇಳುತ್ತಿದೆ. ಸದ್ದು ಮೊದಲಿನ ಹಾಗಿಲ್ಲ. ನೀರಿನ ಮೇಲೆ ನೀರು ಬೀಳುತ್ತಿರಬೇಕು. ಅಲ್ಲಿ ಕತ್ತಲೆಯಲ್ಲಿ ಅದು ಕಂಬ ಹತ್ತುತ್ತಿದೆ. ಕಮಲಗಳ ತನಕ ಯಾವಾಗ ಮುಟ್ಟುತ್ತದೋ.

ಹಂಸಾಳ ಹತ್ತಿರ ಉಳಿದ ಮೀರಾಳ ಹಸಿರು ಕನ್ನಡಿಯನ್ನು ವಾಪಸು ಕೇಳಲಿಲ್ಲ. ಸಂಜೆ ಒಲೆ ಹಚ್ಚುವುದೇ ಮರೆತಿದ್ದೆ. ಇವರೇ ಚಹ ಮಾಡಿದರು.

ಲಾಲಜಿ ನಾಳೆ ಎಂಟು ಗಂಟೆಗೆ ನೀರಿನ ಮಟ್ಟ ನೋಡಲು ಬರುತ್ತಾನೆ.